ಕೂಡಲೇ ಹೊರಡು: ಊರಿನ ಸಾವು ಮತ್ತು ದೂರದ ಟಿಕೇಟು

(ಸಂಘದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಮಧುಮೇಹದ ಬಗೆಗೋ ರಕ್ತದೊತ್ತಡದ ಬಗೆಗೋ ಹೇಳಿಯಾರೆಂದು ನಿರೀಕ್ಷಿಸುವುದು ಸಹಜ. ಆ ವಿಷಯಗಳನ್ನು ನಿಮ್ಮ ನಿಮ್ಮ ವೈದ್ಯರಿಗೇ ಬಿಟ್ಟು, ಇಂದು ನಾವು ಒಂದು ಬಗೆಯ ಇತಿಹಾಸವನ್ನು ಹೇಳಬೇಕೆಂದಿದ್ದೇವೆ. ಇದು ಸಿಡ್ನಿ, ಮೆಲ್ಬೋರ್ನುಗಳ ಪ್ರತಿಯೊಂದು ಕನ್ನಡ ಮನೆಗೂ ತಿಳಿದಿರುವ, ಆದರೆ ಯಾರೂ ಬರೆದಿಡದ ಇತಿಹಾಸ. ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರು ಅಥವಾ ತೀರಿಕೊಳ್ಳುವ ಹಂತದಲ್ಲಿದ್ದಾರೆ ಎಂಬ ಸುದ್ದಿ ಈ ಖಂಡವನ್ನು ಹೇಗೆ ತಲುಪುತ್ತಿತ್ತು, ಸುದ್ದಿ ಕೇಳಿದವರು ಹೇಗೆ ಹೊರಟರು, ಎಷ್ಟು ತೆತ್ತರು, ಎಷ್ಟು ಮಂದಿ ಹೊರಡಲಾರದೆ ಉಳಿದರು ಎಂಬುದೇ ಅದರ ವಸ್ತು.

ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ ಎಂದರೆ ಇಲ್ಲಿ ಬೆಳಗಿನ ಜಾವ ಎರಡು ಗಂಟೆ. ಬೇಸಗೆಯ ಗಡಿಯಾರವಾದರೆ ಮೂರು. ಆ ಹೊತ್ತಿನಲ್ಲಿ ಬಾರಿಸುವ ದೂರವಾಣಿಯನ್ನು ನಾವಾರೂ ಸಂತೋಷದಿಂದ ಎತ್ತಿಕೊಂಡವರಲ್ಲ.

ಮೊದಲಿಗೆ ಹಡಗಿನ ಕಾಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಕ್ಕೂ ದಕ್ಷಿಣ ಭಾರತಕ್ಕೂ ಇದ್ದ ದೊಡ್ಡ ವ್ಯವಹಾರ ಕುದುರೆಗಳದ್ದು. ನ್ಯೂ ಸೌತ್ ವೇಲ್ಸ್‌ನ ಹೆಸರಿನಿಂದಲೇ ‘ವೇಲರ್’ ಎನಿಸಿಕೊಂಡ ಕುದುರೆಗಳು ಹಡಗೇರಿ ಮದರಾಸಿಗೆ ಬಂದು ಸೈನ್ಯ ಸೇರುತ್ತಿದ್ದವು. ಮನುಷ್ಯರ ಸಂಚಾರ ಅದಕ್ಕಿಂತ ಕಡಿಮೆ. 1872ರಲ್ಲಿ ಡಾರ್ವಿನ್ನಿನಿಂದ ಅಡಿಲೇಡಿನವರೆಗೆ ತಂತಿ ಎಳೆದು ಮುಗಿದ ಮೇಲೆ, ಸಮುದ್ರದಡಿಯ ಕೇಬಲ್ಲಿನ ಮೂಲಕ ಈ ಖಂಡ ಹೊರಜಗತ್ತಿನೊಡನೆ ಮಾತನಾಡತೊಡಗಿತು. ಅಂದಿನಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು. ಸಾವಿನ ಸುದ್ದಿ ಬರಲು ಗಂಟೆಗಳು ಸಾಕಾಗುತ್ತಿದ್ದವು. ಮನುಷ್ಯ ಹೋಗಲು ವಾರಗಳೇ ಬೇಕಾಗುತ್ತಿದ್ದವು. ಸುದ್ದಿಗೂ ಪಯಣಕ್ಕೂ ನಡುವೆ ಬಿದ್ದ ಆ ಅಂತರವನ್ನು ಕಿರಿದು ಮಾಡುವುದೇ ಮುಂದಿನ ನೂರೈವತ್ತು ವರ್ಷಗಳ ಕಥೆ ಎನ್ನಬಹುದು.

1901ರ ವಲಸೆ ನಿರ್ಬಂಧ ಕಾಯಿದೆಯಿಂದಾಗಿ ನಮ್ಮವರು ಇಲ್ಲಿ ನೆಲೆಸುವ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲವಾಯಿತು. 1951ರಲ್ಲಿ ಕೊಲಂಬೊ ಯೋಜನೆ ಕಾರ್ಯಾರಂಭ ಮಾಡಿದ ಮೇಲೆ ಏಷ್ಯದ ವಿದ್ಯಾರ್ಥಿಗಳು, ತರಬೇತಿಗೆ ಬಂದ ಇಂಜಿನಿಯರುಗಳು ಈ ನಗರಗಳಲ್ಲಿ ಕಾಣಿಸಿಕೊಂಡರು. 1966ರಲ್ಲಿ ನಿರ್ಬಂಧಗಳು ಸಡಿಲವಾಗಿ, 1973ರ ಹೊತ್ತಿಗೆ ಬಿಳಿಯರ ಆಸ್ಟ್ರೇಲಿಯ ಎಂಬ ನೀತಿ ಪೂರ್ಣವಾಗಿ ತೊಲಗಿತು. ನಮ್ಮ ಸಂಘಗಳ ಹಿರಿಯ ತಲೆಮಾರು ಬಂದದ್ದು ಆ ಬಾಗಿಲಿನಿಂದ. ಅವರಲ್ಲಿ ಮನೆಯ ಹಿರಿಯ ಮಕ್ಕಳೂ ಇದ್ದರು. ಊರಿನ ತಂದೆತಾಯಿಗಳಿಗೆ ಆಗಲೇ ವಯಸ್ಸಾಗುತ್ತಿತ್ತು.

ವಿಮಾನದ ದಾರಿಯೇನೋ ಅದಕ್ಕೂ ಮೊದಲೇ ತೆರೆದಿತ್ತು. 1935ರಲ್ಲಿ ಕ್ವಾಂಟಾಸ್ ಸಂಸ್ಥೆ ಬ್ರಿಸ್ಬೇನಿನಿಂದ ಸಿಂಗಪುರಕ್ಕೆ ಹಾರತೊಡಗಿ, ಅಲ್ಲಿಂದ ಮುಂದೆ ಕಲ್ಕತ್ತ, ಕರಾಚಿಗಳ ಮೂಲಕ ಲಂಡನ್ನಿಗೆ ಸಾಗುವ ಸಂಪರ್ಕ ಏರ್ಪಟ್ಟಿತು; ಪೂರ್ಣ ಪ್ರಯಾಣಕ್ಕೆ ಹನ್ನೆರಡೂವರೆ ದಿನ. 1947ರ ಡಿಸೆಂಬರ್ 1ರಂದು ಸಿಡ್ನಿಯಿಂದ ಹೊರಟ ಕಾನ್‌ಸ್ಟೆಲೇಷನ್ ವಿಮಾನ ಸಿಂಗಪುರ, ಕಲ್ಕತ್ತ, ಕರಾಚಿಗಳಲ್ಲಿ ಇಳಿದೆದ್ದು ನಾಲ್ಕೇ ದಿನಗಳಲ್ಲಿ ಲಂಡನ್ ಸೇರಿತು. ಹೋಗಿಬರುವ ದರ 585 ಪೌಂಡು. ಅಂದಿನ ಸಾಮಾನ್ಯ ದುಡಿಮೆಗಾರನ ಒಂದು ವರ್ಷದ ಸಂಬಳವೂ ಅದಕ್ಕೆ ಸಾಲುತ್ತಿರಲಿಲ್ಲ. 1956ರಲ್ಲಿ ನಮ್ಮ ಏರ್ ಇಂಡಿಯ ಸಂಸ್ಥೆಯೂ ಸಿಂಗಪುರ, ಡಾರ್ವಿನ್ ಮಾರ್ಗವಾಗಿ ಸಿಡ್ನಿಗೆ ಬಂದಿತು. ಮಹಾರಾಜನ ಚಿತ್ರವಿದ್ದ ಆ ವಿಮಾನವನ್ನು ದೂರದಿಂದ ನೋಡಿ ಊರನ್ನು ನೆನೆದ ವಿದ್ಯಾರ್ಥಿಗಳು ಇದ್ದಿರಬೇಕು. ಟಿಕೇಟು ಕೊಂಡು ತಂದೆಯ ಉತ್ತರಕ್ರಿಯೆಗೆ ಹೋಗಬಲ್ಲ ವಿದ್ಯಾರ್ಥಿ ಇದ್ದಿರಲಾರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದಲ್ಲಿ ಅವಸರಕ್ಕೆಂದು ಪ್ರತ್ಯೇಕ ಬೆಲೆ ಇರಲಿಲ್ಲ. 1945ರಲ್ಲಿ ಹವಾನಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವು, ಅಂದರೆ ‘ಅಯಾಟ’, ದರಗಳನ್ನು ಸಭೆ ಸೇರಿ ಗೊತ್ತುಮಾಡುತ್ತಿತ್ತು. ಸರಕಾರಗಳು ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದವು. ಮೂರು ತಿಂಗಳು ಮುಂಚೆ ಕೊಂಡವನೂ ನಾಳೆ ಹೊರಡುವವನೂ ಬಹುಮಟ್ಟಿಗೆ ಒಂದೇ ಬೆಲೆ ತೆರುತ್ತಿದ್ದರು. ಬೆಲೆ ಎಲ್ಲರಿಗೂ ದುಬಾರಿಯಾಗಿತ್ತು, ಆದರೆ ದುಃಖದಲ್ಲಿದ್ದವನಿಗೆ ಹೆಚ್ಚು ದುಬಾರಿಯಾಗಿರಲಿಲ್ಲ.

ಹಾಗಾದರೆ ಅವಸರಕ್ಕೆ ಬೆಲೆ ಬಂದದ್ದು ಎಂದು? ನಮ್ಮ ಓದಿನ ಮಟ್ಟಿಗೆ ಅದು 1970ರ ದಶಕದ ಸೃಷ್ಟಿ. 1972ರಲ್ಲಿ ಬ್ರಿಟಿಷ್ ಸಂಸ್ಥೆಯಾದ ಬಿ.ಒ.ಎ.ಸಿ.ಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬವರು ಒಂದು ಸರಳ ಸೂತ್ರವನ್ನು ಮುಂದಿಟ್ಟರು. ಮದುವೆಯ ಊಟದ ಪಂಕ್ತಿಯನ್ನು ನೆನಪಿಗೆ ತಂದುಕೊಳ್ಳಿ. ಬೀಗರ ಕಡೆಯವರು ತಡವಾಗಿ ಬರುವರೆಂದು ಯಜಮಾನರು ನಾಲ್ಕು ಎಲೆಗಳನ್ನು ಕಾದಿರಿಸುತ್ತಾರೆ. ಮೊದಲೇ ಬಂದ ನೆರೆಹೊರೆಯವರನ್ನು ಅಲ್ಲಿ ಕೂರಿಸುವುದಿಲ್ಲ. ಎಷ್ಟು ಎಲೆ ಕಾದಿರಿಸಬೇಕು? ಬೀಗರು ಬಂದರೆ ಆಗುವ ಲಾಭ, ಬಾರದಿದ್ದರೆ ಎಲೆ ಖಾಲಿ ಉಳಿಯುವ ನಷ್ಟ, ಇವೆರಡನ್ನೂ ತೂಗಿ ನೋಡಬೇಕು. ಲಿಟಲ್‌ವುಡ್ಡರ ಲೆಕ್ಕ ಇಷ್ಟೇ: ಕೊನೆಯ ಗಳಿಗೆಯಲ್ಲಿ ಪೂರ್ತಿ ದರ ಕೊಟ್ಟು ಬರುವ ಪ್ರಯಾಣಿಕನಿಂದ ನಿರೀಕ್ಷಿಸಬಹುದಾದ ಹಣಕ್ಕಿಂತ ಇಂದು ಬಂದವನು ಕೊಡುವ ರಿಯಾಯಿತಿ ದರ ಹೆಚ್ಚಾಗಿದ್ದರೆ ಮಾತ್ರ ಅವನಿಗೆ ಆಸನ ಕೊಡಿ.

ಅವರ ಮನಸ್ಸಿನಲ್ಲಿದ್ದ ಬೀಗ ಯಾರೆಂದರೆ ವ್ಯಾಪಾರದ ಕೆಲಸಕ್ಕೆ ಹೋಗುವ, ಕಂಪನಿಯ ಹಣದಲ್ಲಿ ಟಿಕೇಟು ಕೊಳ್ಳುವ ಅಧಿಕಾರಿ. ಆದರೆ ಆ ಕಾದಿರಿಸಿದ ಎಲೆಗೆ ಇನ್ನೊಬ್ಬನೂ ಬಂದು ಕೂರುತ್ತಾನೆ. ಅವನು ತಾಯಿಯನ್ನು ಕಳೆದುಕೊಂಡ ಮಗ. ಲೆಕ್ಕದ ಸೂತ್ರಕ್ಕೆ ಇಬ್ಬರೂ ಒಂದೇ. ಇಬ್ಬರಿಗೂ ನಾಳೆಯೇ ಹೋಗಬೇಕಾಗಿದೆ, ಇಬ್ಬರೂ ಬೆಲೆ ಕೇಳಿ ಹಿಂತಿರುಗುವವರಲ್ಲ. ಸೂತ್ರ ಬರೆದವರಲ್ಲಿ ಕ್ರೌರ್ಯವಿತ್ತೆಂದು ನಾವು ಹೇಳಲಾರೆವು. ಬೀಗರಿಗಾಗಿ ಎಲೆ ಕಾದಿರಿಸದಿದ್ದರೆ ಕೊನೆಯ ದಿನ ಆಸನವೇ ಸಿಕ್ಕದೆ ಹೋಗುತ್ತಿತ್ತು ಎಂಬುದೂ ನಿಜವೇ. ಆದರೆ ಶೋಕವನ್ನು ವ್ಯಾಪಾರದಿಂದ ಬೇರ್ಪಡಿಸಿ ನೋಡುವ ಕಣ್ಣು ಆ ಗಣಿತಕ್ಕಿಲ್ಲ.

1977ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಂಗಡ ಕೊಳ್ಳುವವರಿಗೆ ‘ಸೂಪರ್ ಸೇವರ್’ ದರ ತಂದಿತು. ಮರುವರ್ಷ ಆ ದೇಶ ವಿಮಾನ ದರಗಳ ಮೇಲಿನ ಸರಕಾರೀ ಹಿಡಿತವನ್ನೇ ಬಿಟ್ಟುಕೊಟ್ಟಿತು. ಆಸ್ಟ್ರೇಲಿಯದಲ್ಲಿ 1979ರ ಫೆಬ್ರವರಿ 1ರಿಂದ ಲಂಡನ್ನಿಗೆ ಅಗ್ಗದ ‘ಅಪೆಕ್ಸ್’ ದರಗಳು ಬಂದವು. ವಾರಗಟ್ಟಲೆ ಮುಂಚೆ ಹಣ ಕಟ್ಟಬೇಕು, ನಡುವೆ ಎಲ್ಲಿಯೂ ತಂಗುವಂತಿಲ್ಲ ಎಂಬ ಷರತ್ತುಗಳು. ಪ್ರವಾಸಿಗಳು ತಪ್ಪಿಹೋಗುವರೆಂದು ಸಿಂಗಪುರ ಮೊದಲಾದ ಆಗ್ನೇಯ ಏಷ್ಯದ ರಾಷ್ಟ್ರಗಳು ಅದನ್ನು ಬಲವಾಗಿ ಪ್ರತಿಭಟಿಸಿದವು. ನಮ್ಮ ಕಥೆಗೆ ಮುಖ್ಯವಾದುದು ಆ ಜಗಳವಲ್ಲ. ಮುಂಗಡ ಕೊಂಡವನಿಗೆ ಒಂದು ಬೆಲೆ, ಇಂದು ಬಂದವನಿಗೆ ಇನ್ನೊಂದು ಎಂಬ ರೂಢಿ ನೆಲೆಯೂರಿತು ಎಂಬುದು ಮುಖ್ಯ. ರಜೆಗೆ ಊರಿಗೆ ಹೋಗುವುದು ಅಗ್ಗವಾದ ಆ ವರ್ಷಗಳಲ್ಲೇ, ಸಾವಿಗೆ ಹೋಗುವುದು ಹೋಲಿಕೆಯಲ್ಲಿ ದುಬಾರಿಯಾಯಿತು.

ಸುದ್ದಿಯ ದಾರಿಯೂ ಅಷ್ಟರಲ್ಲಿ ಬದಲಾಗಿತ್ತು. 1976ರಲ್ಲಿ ಸಿಡ್ನಿಯಿಂದ ಆಪರೇಟರಿನ ನೆರವಿಲ್ಲದೆ ನೇರವಾಗಿ ಹೊರದೇಶಕ್ಕೆ ಡಯಲ್ ಮಾಡುವ ಸೌಲಭ್ಯ ಬಂದಿತು. ಆದರೆ ಇಲ್ಲಿ ಐ.ಎಸ್.ಡಿ. ಇದ್ದರೇನು, ಹಳ್ಳಿಯ ಮನೆಯಲ್ಲಿ ಫೋನು ಇರಬೇಕಲ್ಲ! ಎಂಬತ್ತರ ದಶಕದ ಕೊನೆಯಲ್ಲಿ ಎಸ್.ಟಿ.ಡಿ. ಬೂತುಗಳು ಊರೂರಿಗೂ ಹಬ್ಬುವವರೆಗೆ ಟೆಲಿಗ್ರಾಮೇ ಗತಿ. ‘ತಂದೆ ಸೀರಿಯಸ್, ಕೂಡಲೇ ಹೊರಡು’ ಎಂಬ ಒಕ್ಕಣೆಯನ್ನು ಇಲ್ಲಿನ ಹಿರಿಯರು ಮರೆತಿರಲಾರರು. ಅದರ ಅರ್ಥ ಎಲ್ಲರಿಗೂ ತಿಳಿದದ್ದೇ; ಅನೇಕ ವೇಳೆ ಅಂತ್ಯಕ್ರಿಯೆ ಮುಗಿದಿರುತ್ತಿತ್ತು, ದಾರಿಯಲ್ಲಿ ಮಗ ಎದೆಗೆಡಬಾರದೆಂದು ಹಾಗೆ ಬರೆಸುತ್ತಿದ್ದರು. ಭಾರತದಲ್ಲಿ ಆ ಟೆಲಿಗ್ರಾಂ ಸೇವೆಯೇ 2013ರ ಜುಲೈಯಲ್ಲಿ ಅಂತ್ಯಗೊಂಡಿತು.

ಆ ದಿನಗಳಲ್ಲಿ ಹೊರಟವರು ಶವಸಂಸ್ಕಾರಕ್ಕೆಂದು ಹೊರಟವರೇ ಅಲ್ಲ. ನಮ್ಮಲ್ಲಿ ಸುಡುವುದಾಗಲಿ ಮಣ್ಣು ಮಾಡುವುದಾಗಲಿ ಅಂದೇ ಅಥವಾ ಮರುದಿನವೇ ಆಗಬೇಕು. ಆದ್ದರಿಂದ ಇಲ್ಲಿಂದ ಹೋಗುವವರ ಲೆಕ್ಕ ಹನ್ನೊಂದನೆಯ ದಿನಕ್ಕೆ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೆ, ಲಿಂಗಾಯತ ಮನೆಗಳಲ್ಲಿ ಶಿವಗಣಾರಾಧನೆಗೆ. ನಾಲ್ಕೈದು ದಿನ ಏಜೆಂಟರ ಹಿಂದೆ ಬಿದ್ದು ಅಗ್ಗದ ಆಸನ ಹುಡುಕಲು ಅವಕಾಶವಿರುತ್ತಿತ್ತು. ಶವವನ್ನಿಡುವ ಫ್ರೀಜರ್ ಪೆಟ್ಟಿಗೆ ನಮ್ಮ ಪಟ್ಟಣಗಳಿಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ‘ನೀನು ಬರುವವರೆಗೆ ಇಟ್ಟಿರುತ್ತೇವೆ’ ಎಂದು ಅಣ್ಣ ಹೇಳಿದ ಮೇಲೆ ನಾಳಿದ್ದಿನ ಟಿಕೇಟು ಹುಡುಕುವುದು ಸಾಧ್ಯವೇ? ಮನೆಯ ಮುಂದೆ ಊರೆಲ್ಲ ಕಾದು ಕುಳಿತಿದೆ. ಅಂದು ರಾತ್ರಿಯ ವಿಮಾನ, ಅದರ ಬೆಲೆ ಎಷ್ಟಾದರೂ ಸರಿ.

ನಮ್ಮ ಅನುಭವವನ್ನು ಒಂದಿಷ್ಟು ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇವೆ. ಎಂ.ಬಿ.ಬಿ.ಎಸ್. ಮುಗಿಸಿ, ಮೆಲ್ಬೋರ್ನಿನ ಆಸ್ಪತ್ರೆಯೊಂದರಲ್ಲಿ ರೆಸಿಡೆಂಟರಾಗಿದ್ದಾಗ, 1999ರಲ್ಲಿ, ಹಾಸನದಲ್ಲಿ ನಮ್ಮ ತಂದೆ ತೀರಿಕೊಂಡರು. ಪೂರ್ವ ಬಡಾವಣೆಯ ಟ್ರಾವೆಲ್ ಏಜೆಂಟರೊಬ್ಬರನ್ನು ನಿದ್ದೆಯಿಂದ ಎಬ್ಬಿಸಿದೆವು. ಆ ಕಾಲದ ಏಜೆಂಟರು ಸಗಟು ವ್ಯಾಪಾರಿಗಳಿಂದ ಪಡೆದ ಆಸನಗಳನ್ನು ಮಾರುತ್ತಿದ್ದರು. ಯಾವುದೋ ತಂಡದ ಟಿಕೇಟು ರದ್ದಾಗಿ ಹಿಂತಿರುಗಿದ್ದರೆ ಕೊನೆಯ ದಿನವೂ ಅಗ್ಗದ ಆಸನ ಸಿಕ್ಕುವುದಿತ್ತು. ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್, ಕೊಲಂಬೊ, ಯಾವ ದಾರಿಯಾದರೂ ಆದೀತು. ನಮಗೆ ಸಿಕ್ಕಿದ್ದು ಸಿಂಗಪುರದ ಮೂಲಕ ಚೆನ್ನೈಗೆ. ಹದಿನೈದು ದಿನದ ಸಂಬಳವನ್ನು ಮೀರಿದ ಬೆಲೆ. ಅರ್ಧ ಹಣವನ್ನು ಅದೇ ಕಟ್ಟಡದಲ್ಲಿದ್ದ ಇಬ್ಬರು ಕನ್ನಡ ಮಿತ್ರರು ಕೇಳುವ ಮೊದಲೇ ತಂದುಕೊಟ್ಟರು. ಒಬ್ಬರು ತಮ್ಮ ಮಗುವಿನ ಹುಟ್ಟುಹಬ್ಬಕ್ಕೆಂದು ತೆಗೆದಿರಿಸಿದ್ದ ನೋಟುಗಳನ್ನೇ ತಂದಿದ್ದರು.

ಸಿಂಗಪುರದಲ್ಲಿ ಇಳಿದ ಮೇಲೆ ತಿಳಿಯಿತು, ಮುಂದಿನ ವಿಮಾನದಲ್ಲಿ ನಮ್ಮ ಆಸನ ಖಚಿತವಾಗಿರಲಿಲ್ಲ, ವೇಟ್‌ಲಿಸ್ಟಿನಲ್ಲಿತ್ತು. ಹತ್ತೊಂಬತ್ತು ಗಂಟೆ ಆ ನಿಲ್ದಾಣದ ಕಾರ್ಪೆಟ್ಟಿನ ಮೇಲೆ ಕಳೆದೆವು. ಚೆನ್ನೈಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಮನೆ ಸೇರಿದಾಗ ಮೂರನೆಯ ದಿನ. ಅಣ್ಣ ಕೊಳ್ಳಿ ಇಟ್ಟಾಗಿತ್ತು. ಸಂಚಯನಕ್ಕೆ ಒದಗಿದೆವು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ಜೊತೆಗಿದ್ದೆವು. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಹೋದ ಅನೇಕರಿಗೆ ಗೊತ್ತು: ಸಮುದ್ರ ದಾಟುವುದಕ್ಕಿಂತ ಮುಂಬಯಿಯಿಂದಲೋ ಮದರಾಸಿನಿಂದಲೋ ಊರು ಮುಟ್ಟುವುದೇ ಕಷ್ಟದ್ದಾಗಿತ್ತು.

2004ರಲ್ಲಿ, ನಾವು ಸಿಡ್ನಿಗೆ ಬಂದ ಎರಡು ವರ್ಷಗಳ ನಂತರ, ನಮ್ಮ ಅತ್ತೆಯವರು ತೀರಿಕೊಂಡರು. ಮಕ್ಕಳು ಚಿಕ್ಕವರು, ಡಿಸೆಂಬರ್ ರಜೆಯ ದರ, ಮನೆಯ ಸಾಲ. ‘ಹೇಗಿದ್ದರೂ ತಲುಪುವುದರೊಳಗೆ ಎಲ್ಲ ಮುಗಿದಿರುತ್ತದೆ’ ಎಂಬ ಮಾತನ್ನು ಯಾರೋ ಆಡಿದರು. ಯಾರೋ ಏನು, ನಾವೇ ಆಡಿದೆವು. ನಮ್ಮ ಪತ್ನಿ ಹೋಗಲಿಲ್ಲ. ಈ ಸಭೆಯಲ್ಲಿರುವ ತಾಯಂದಿರನ್ನು ಕೇಳಿದರೆ ಇಂಥ ಕಥೆಗಳು ಸಾಲುಸಾಲಾಗಿ ಬಂದಾವು. ಒಂದೇ ಟಿಕೇಟಿಗೆ ಹಣವಿದ್ದಾಗ ಅದು ಗಂಡುಮಗನಿಗೆ ಹೋಯಿತು, ಏಕೆಂದರೆ ಕರ್ಮ ಮಾಡಬೇಕಾದವನು ಅವನು. ಮಗಳಿಗೆ ಅಳುವುದಷ್ಟೇ ತಾನೆ, ಇಲ್ಲಿಯೇ ಅಳಬಹುದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ. ವಿಮಾನ ಸಂಸ್ಥೆಯ ಸೂತ್ರವನ್ನು ದೂರುವ ಮೊದಲು ನಮ್ಮ ಮನೆಗಳ ಈ ಸೂತ್ರವನ್ನೂ ದಾಖಲೆಗೆ ಸೇರಿಸಬೇಕಾಗುತ್ತದೆ.

ಕಾಗದಪತ್ರಗಳ ಗೋಜನ್ನೂ ಮರೆಯಬಾರದು. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಇಲ್ಲಿನ ಪೌರರಾದವರು ಹೆತ್ತವರ ಸಾವಿಗೂ ವೀಸಾ ಪಡೆದೇ ಹೋಗಬೇಕಾಗಿತ್ತು. 1999ರಲ್ಲಿ ಪಿ.ಐ.ಒ. ಕಾರ್ಡು, 2006ರಿಂದ ಒ.ಸಿ.ಐ. ಬಂದ ಮೇಲೆ ಆ ತೊಂದರೆ ಬಹುಪಾಲು ನೀಗಿತು. ರಜೆಯ ವಿಷಯದಲ್ಲಿ ಇಲ್ಲಿನ ಕಾನೂನು ಬಿಗಿಯಾದದ್ದೇ. 2009ರ ಫೇರ್ ವರ್ಕ್ ಕಾಯಿದೆ ಹತ್ತಿರದ ಬಂಧುವಿನ ಸಾವಿಗೆ ಎರಡು ದಿನಗಳ ರಜೆ ಕೊಡುತ್ತದೆ. ಹೋಗಲೇ ಎರಡು ದಿನ ಬೇಕಾಗುವಲ್ಲಿ ಇದರಿಂದೇನು ಪ್ರಯೋಜನ! ಇನ್ನು ಆ ‘ಹತ್ತಿರದ ಬಂಧು’ಗಳ ಪಟ್ಟಿಯಲ್ಲಿ ಸೋದರಮಾವನಿಲ್ಲ, ದೊಡ್ಡಪ್ಪನಿಲ್ಲ. ತಂದೆಯಿಲ್ಲದ ಮನೆಯಲ್ಲಿ ಸೋದರಮಾವನ ಕೈಯಲ್ಲಿ ಬೆಳೆದವರು ಅದನ್ನು ಮೇಲಧಿಕಾರಿಗೆ ಹೇಗೆ ವಿವರಿಸಬೇಕು?

ಶೋಕದಲ್ಲಿರುವವರಿಗೆ ರಿಯಾಯಿತಿ ಕೊಡುವ ಪದ್ಧತಿ ಜಗತ್ತಿನಲ್ಲಿ ಇರಲಿಲ್ಲವೆಂದಲ್ಲ. ಉತ್ತರ ಅಮೆರಿಕದ ಸಂಸ್ಥೆಗಳು ಮರಣ ಪ್ರಮಾಣಪತ್ರವನ್ನೋ ಆಸ್ಪತ್ರೆಯ ವಿವರವನ್ನೋ ಕೇಳಿ ದರದಲ್ಲಿ ಸ್ವಲ್ಪ ಬಿಡುತ್ತಿದ್ದವು. ಅಮೆರಿಕನ್ ಏರ್‌ಲೈನ್ಸ್ 2014ರಲ್ಲಿ ಅದನ್ನು ನಿಲ್ಲಿಸಿತು. ಕೆನಡದಲ್ಲಿ ನಡೆದ ಒಂದು ವ್ಯಾಜ್ಯ ಸ್ವಾರಸ್ಯಕರ. ಅಜ್ಜಿಯ ಸಾವಿಗೆ ಹೊರಟ ಪ್ರಯಾಣಿಕನೊಬ್ಬನಿಗೆ ಏರ್ ಕೆನಡದ ಗಣಕಯಂತ್ರದ ಉತ್ತರಗಾರ, ಅಂದರೆ ಚಾಟ್‌ಬಾಟ್, ‘ಈಗ ಪೂರ್ತಿ ದರಕ್ಕೆ ಕೊಳ್ಳಿ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಬಹುದು’ ಎಂದಿತು. ಸಂಸ್ಥೆಯ ನಿಯಮದಲ್ಲಿ ಹಾಗಿರಲಿಲ್ಲ. ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂದು ಸಂಸ್ಥೆ ವಾದಿಸಿದರೂ 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಳಿ ಅದನ್ನು ಒಪ್ಪದೆ, ಸುಮಾರು 800 ಡಾಲರುಗಳನ್ನು ಕೊಡಿಸಿತು. ಅಂಥ ರಿಯಾಯಿತಿ ಇದ್ದಲ್ಲಿಯೂ ಅದು ಪೂರ್ತಿ ದರದ ಮೇಲಿನ ಕಡಿತ. ನಾಲ್ಕು ಕಡೆ ವಿಚಾರಿಸಿದರೆ ಅದಕ್ಕಿಂತ ಅಗ್ಗದ ಸಾಮಾನ್ಯ ಟಿಕೇಟೇ ಸಿಕ್ಕುವುದುಂಟು.

ಇನ್ನು ವೈದ್ಯರಾಗಿ ಒಂದು ಮಾತು. ‘ಡಾಕ್ಟರೇ, ಅಪ್ಪನನ್ನು ಐ.ಸಿ.ಯು.ಗೆ ಹಾಕಿದ್ದಾರಂತೆ, ಈಗಲೇ ಹೊರಡಬೇಕೋ ಒಂದು ವಾರ ನೋಡಬಹುದೋ?’ ಈ ಪ್ರಶ್ನೆಯನ್ನು ಮಿತ್ರರಿಂದ ಎಷ್ಟು ಬಾರಿ ಕೇಳಿದ್ದೇವೆಯೋ ಲೆಕ್ಕವಿಲ್ಲ. ಒಂದು ವಾರದ ಅಂತರದಲ್ಲಿ ಟಿಕೇಟಿನ ಬೆಲೆ ಅರ್ಧಕ್ಕಿಳಿಯಬಹುದು, ಆದ್ದರಿಂದ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ನಾವು ಕೇಳುವುದು ಇಷ್ಟನ್ನು: ರಕ್ತದೊತ್ತಡವನ್ನು ಔಷಧದಿಂದ ಎತ್ತಿಹಿಡಿದಿದ್ದಾರೆಯೇ, ಮೂತ್ರ ಬರುತ್ತಿದೆಯೇ, ಕರೆದರೆ ಕಣ್ಣು ಬಿಡುವರೇ? ಅಲ್ಲಿನ ವೈದ್ಯರನ್ನೇ ಫೋನಿಗೆ ಕರೆಸಿ ಎನ್ನುತ್ತೇವೆ, ಏಕೆಂದರೆ ಮನೆಯವರು ‘ಪರವಾಗಿಲ್ಲ, ಗಾಬರಿಯಾಗಬೇಡ’ ಎನ್ನುವುದು ಹಿಂದಿನ ಟೆಲಿಗ್ರಾಮಿನ ತಿರುವುಮುರುವಷ್ಟೇ. ಮಗ ಬರುವವರೆಗೆ ಎಂದು ವೆಂಟಿಲೇಟರಿನ ಮೇಲೆ ಇರಿಸುವುದನ್ನೂ ಕಂಡಿದ್ದೇವೆ. ಅಲ್ಲಿ ದಿನದಿನಕ್ಕೆ ಏರುವ ಆಸ್ಪತ್ರೆಯ ಬಿಲ್ಲು ಇಲ್ಲಿ ಉಳಿಸಿದ ಟಿಕೇಟಿನ ಹಣವನ್ನು ಎಂದೋ ನುಂಗಿರುತ್ತದೆ. ಪ್ರಜ್ಞೆಯಿರುವಾಗ ಹೋಗಿ, ಎಂಬುದೇ ನಮ್ಮ ಸಲಹೆ. ಹೋಗಿ ಅವರು ಚೇತರಿಸಿಕೊಂಡರೆ ಹಣ ದಂಡವಾಯಿತೆಂದು ಗೊಣಗಿದವರನ್ನು ನಾವು ನೋಡಿಲ್ಲ.

ಈ ಇತಿಹಾಸದ ಅತ್ಯಂತ ಕಠಿಣ ಅಧ್ಯಾಯ 2020ರದು. ಮಾರ್ಚ್ 20ರಂದು ಆಸ್ಟ್ರೇಲಿಯ ತನ್ನ ಗಡಿ ಮುಚ್ಚಿತು. ಐದು ದಿನಗಳ ಬಳಿಕ ಇಲ್ಲಿನ ಪೌರರು, ಕಾಯಂ ನಿವಾಸಿಗಳು ಅನುಮತಿಯಿಲ್ಲದೆ ಹೊರಹೋಗುವುದನ್ನೂ ನಿಷೇಧಿಸಿತು. ಮಾರ್ಚ್ 23ರಿಂದ ಭಾರತವೂ ನಿಗದಿತ ಅಂತರರಾಷ್ಟ್ರೀಯ ಹಾರಾಟವನ್ನು ನಿಲ್ಲಿಸಿತು, ಅದು ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು. ತಾಯಿ ಸಾಯುತ್ತಿದ್ದಾಳೆಂದು ಅರ್ಜಿ ಬರೆದು, ವೈದ್ಯರ ಪತ್ರ ಲಗತ್ತಿಸಿ, ಕರುಣೆಯ ಆಧಾರದ ಮೇಲೆ ಅನುಮತಿಗಾಗಿ ಕಾಯಬೇಕಾಯಿತು. ಹೋದರೆ ಹಿಂತಿರುಗುವುದು ಎಂದು? ಜುಲೈಯಿಂದ ಬರುವವರ ಸಂಖ್ಯೆಗೆ ಮಿತಿ, ನ್ಯೂ ಸೌತ್ ವೇಲ್ಸ್‌ನಲ್ಲಿ ಹದಿನಾಲ್ಕು ದಿನ ಹೋಟೆಲಿನ ಏಕಾಂತಕ್ಕೆ ಒಬ್ಬ ವಯಸ್ಕರಿಗೆ 3,000 ಡಾಲರ್. 2021ರ ಏಪ್ರಿಲ್ 27ರಂದು ಭಾರತದಿಂದ ಬರುವ ನೇರ ವಿಮಾನಗಳನ್ನು ತಡೆದರು. ಮೇ 3ರಿಂದ 15ರವರೆಗೆ, ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವರು ಈ ನೆಲ ಮೆಟ್ಟಿದರೆ ಐದು ವರ್ಷಗಳವರೆಗೆ ಸೆರೆ ಅಥವಾ 66,600 ಡಾಲರ್ ದಂಡ ಎಂಬ ಆಜ್ಞೆ. ಸ್ವಂತ ಪೌರರಿಗೇ! ತಂದೆಯ ಕರ್ಮ ಮುಗಿಸಿ ಮನೆಗೆ ಬರುವುದು ಅಪರಾಧವಾದ ದಿನಗಳು ಅವು.

ಆ ಅವಧಿಯಲ್ಲಿ ಟಿಕೇಟಿನ ಬೆಲೆಯ ಮಾತೇ ಇರಲಿಲ್ಲ. ಚಿತಾಗಾರದ ಬಾಗಿಲಲ್ಲಿ ಯಾರೋ ಹಿಡಿದ ಫೋನಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿದ ಪರದೆಯಲ್ಲಿ, ಜನ ಹೆತ್ತವರನ್ನು ಕಳಿಸಿಕೊಟ್ಟರು. ಹಣವಿದ್ದವರೂ ಇಲ್ಲದವರೂ ಅಂದು ಸಮಾನರಾದರು. ಹಡಗಿನ ಕಾಲ ಪುನಃ ಬಂದಂತಾಗಿತ್ತು.

ವಿರುದ್ಧ ದಿಕ್ಕಿನ ಪಯಣವೂ ಇದೆ. ಓದಲು ಬಂದ ಹುಡುಗ ಇಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ದೇಹವನ್ನು ಊರಿಗೆ ಕಳಿಸುವ ಖರ್ಚಿಗಾಗಿ ನಮ್ಮ ಸಂಘಗಳವರು ಹಣ ಕೂಡಿಸಿದ್ದನ್ನು ಬಲ್ಲೆವು. ಭಾರತ ಸರಕಾರ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಭಾರತೀಯ ಪೌರರ ಬಡ ಕುಟುಂಬಗಳಿಗೆ ಈ ವೆಚ್ಚಕ್ಕೆ ನೆರವು ದೊರೆಯುವುದುಂಟು. ಇದನ್ನು ತಿಳಿದಿರುವವರು ಕಡಿಮೆ. ವಿದ್ಯಾರ್ಥಿಗಳ ಕಿವಿಗೆ ಹಾಕಿಡುವುದು ಒಳ್ಳೆಯದು.

2022ರ ಸೆಪ್ಟೆಂಬರ್ 14ರಂದು ಕ್ವಾಂಟಾಸ್ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನವನ್ನು ಆರಂಭಿಸಿತು. ಒಂಬತ್ತು ಸಾವಿರ ಕಿಲೋಮೀಟರುಗಳಿಗೂ ಹೆಚ್ಚಿನ ದಾರಿ, ಸುಮಾರು ಹನ್ನೆರಡು ಗಂಟೆ. ಹಾಸನದ ಮಗನೊಬ್ಬ ಬೆಳಿಗ್ಗೆ ಇಲ್ಲಿ ಕಾಫಿ ಕುಡಿದು ಹೊರಟರೆ ಅದೇ ದಿನ ರಾತ್ರಿಯೊಳಗೆ ಮನೆಯಂಗಳ ತುಳಿಯಬಹುದಾದ ಕಾಲ ಬಂದಿತು. ದರ ಮಾತ್ರ ಲಿಟಲ್‌ವುಡ್ಡರ ಲೆಕ್ಕದಂತೆಯೇ.

ಮರುವರ್ಷ ನಮ್ಮ ಮಾವನವರಿಗೆ ಪಾರ್ಶ್ವವಾಯು ಬಡಿಯಿತು. ಬೆಳಗಿನ ಜಾವದ ಫೋನನ್ನು ನಮ್ಮ ಪತ್ನಿಯೇ ಎತ್ತಿಕೊಂಡರು. ನಾವು ಎದ್ದು ಬರುವುದರೊಳಗೆ ಅವರ ಪಾಸ್‌ಪೋರ್ಟು ಮೇಜಿನ ಮೇಲಿತ್ತು, ಟಿಕೇಟು ಕೊಂಡಾಗಿತ್ತು. ಬೆಲೆ ಎಷ್ಟೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋಗಿ ಸೇರಿದಾಗ ಮಾವನವರಿಗೆ ಎಚ್ಚರವಿತ್ತು. ಮಗಳನ್ನು ಗುರುತಿಸಿ, ಊಟವಾಯಿತೇ ಎಂದು ಕೇಳಿದರಂತೆ.